ಅಂಗಳದ ನೀಲಿ: ಶಂಖಪುಷ್ಪವೋ, ವಿಷ್ಣುಕ್ರಾಂತಿಯೋ, ಕನ್ನೆ ಸೊಪ್ಪೋ?

ಕೊಡಗಿನ ಮಾದಾಪುರದ ಕಡೆಯ ನಮ್ಮ ಮನೆಯಂಗಳಕ್ಕೆ ಮಂಜಿಲ್ಲದ ದಿನ ಕೋಟೆಬೆಟ್ಟ ಕಾಣಿಸುತ್ತದೆ. ಅಲ್ಲಿ ಕುರಿಂಜಿ ಅರಳಿದ ವರ್ಷ ಹತ್ತಿ ಬಂದವನಿಗೆ ನೀಲಿ ಹೂವಿನ ಹುಚ್ಚು ಹಿಡಿಯಿತು. ಕುರಿಂಜಿಯನ್ನೇ ತಂದು ನೆಡುವ ಮಾತಿಲ್ಲ. ಕಾಡಿನ ಗಿಡ ಕೀಳಬಾರದು; ಅಲ್ಲದೆ ನೀಲಕುರಿಂಜಿಯಂಥದ್ದು 12 ವರ್ಷ ಬರೀ ಎಲೆ ತೋರಿಸಿ, ಒಮ್ಮೆ ಹೂ ಬಿಟ್ಟು, ಬೀಜವಾಗಿ ಸತ್ತೇ ಹೋಗುತ್ತದೆ. ಅಷ್ಟು ತಾಳ್ಮೆ ನನಗಿಲ್ಲ. ಸುಲಭಕ್ಕೆ ಸಿಗುವ ಮೂರನ್ನು ಮೂರು ಮಳೆಗಾಲ ಬೆಳೆಸಿ ನೋಡಿದೆ.

ಶಂಖಪುಷ್ಪದ ಬೀಜದ ಸಿಪ್ಪೆ ಬಲು ಗಟ್ಟಿ. ಮೊದಲ ಸಲ ಹಾಗೆಯೇ ಊರಿದ ಹತ್ತರಲ್ಲಿ ಎರಡು ಮೊಳೆತವು. ಮರುವರ್ಷ ಉಪ್ಪುಕಾಗದಕ್ಕೆ ತುಸು ಉಜ್ಜಿ, ರಾತ್ರಿಯಿಡೀ ನೆನೆಸಿ ಹಾಕಿದೆ, ಎಂಟು ಬಂದವು. ಮಾರ್ಚಿಯಲ್ಲಿ ಕಾಫಿಗೆ ಹೂಮಳೆ ಬಿದ್ದ ಮೇಲೆ ಊರಿದ ಬಳ್ಳಿ ಮೇ ಕೊನೆಗೆ ಬಾವಿಕಟ್ಟೆಯ ಬೇಲಿ ತುಂಬಿತು. ಅದರದು ಶಾಯಿಯ ನೀಲಿ, ನಡುವೆ ಬಿಳಿ ಮಚ್ಚೆ. ಅತ್ತಿಗೆ ಹೂವನ್ನು ಬಿಸಿನೀರಿಗೆ ಹಾಕಿ ನಿಂಬೆ ಹಿಂಡಿ, ನೀಲಿ ನೇರಳೆಯಾಗುವುದನ್ನು ಬಂದವರಿಗೆಲ್ಲ ತೋರಿಸಿದರು. ಜುಲೈ ಬಂತು ನೋಡಿ, ದಳಗಳು ನೆನೆದ ಕಾಗದದಂತೆ ಅಂಟಿಕೊಂಡವು, ಕಾಯಿ ಕಪ್ಪಾಯಿತು, ಚರಂಡಿ ಬದಿಯ ಬಳ್ಳಿಗಳ ಬುಡ ಕೊಳೆಯಿತು. ದಿಬ್ಬದ ಮೇಲಿದ್ದ ನಾಲ್ಕು ಉಳಿದು ಅಕ್ಟೋಬರಿನಲ್ಲಿ ಮತ್ತೆ ಚಿಗುರಿದವು.

ವಿಷ್ಣುಕ್ರಾಂತಿಯಲ್ಲಿ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ನರ್ಸರಿಯಲ್ಲಿ ಆ ಹೆಸರಿನಿಂದ ಕೊಟ್ಟದ್ದು ಬ್ರೆಜಿಲ್ ಮೂಲದ, ದೊಡ್ಡ ಹೂವಿನ ಸೋದರಿ. ನಮ್ಮದು ಒಣ ಹುಲ್ಲುಗಾವಲಲ್ಲಿ ನೆಲಕ್ಕಂಟಿ ಹಬ್ಬುವ, ಅಂಗಿ ಗುಂಡಿಗಿಂತ ಚಿಕ್ಕ ಹೂವಿನದು. ಕೇರಳದ ದಶಪುಷ್ಪಗಳಲ್ಲಿ ಒಂದು. ಎರಡನ್ನೂ ನೆಟ್ಟೆ. ನೆಲದಲ್ಲಿದ್ದವು ಒಂದೇ ಮಳೆಗಾಲಕ್ಕೆ ಹೋದವು. ಅರ್ಧ ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ, ಮಾಡಿನ ಕೆಳಗೆ ಇಟ್ಟದ್ದು ಮಾತ್ರ ಬದುಕಿತು. ಹೂವಿಗೆ ಬೆಳಗಿನ ಬಿಸಿಲು ಬೇಕು, ಸಂಜೆಗೆ ಮುದುಡುತ್ತದೆ. ಚೆಂದ ನಿಜ, ಆದರೆ ಮಗುವನ್ನು ಸಾಕಿದಂತೆ ಸಾಕಬೇಕು.

ಇನ್ನು ಕನ್ನೆ ಸೊಪ್ಪು. ಅದನ್ನು ನಾನು ನೆಡಲೇ ಇಲ್ಲ ಎಂದರೂ ನಡೆಯುತ್ತದೆ. ತೋಟದಲ್ಲಿ ಕಳೆ ತೆಗೆದು ರಾಶಿ ಹಾಕಿದ್ದರಿಂದ ಎರಡು ಗೆಣ್ಣು ಮುರಿದು ಬಚ್ಚಲ ಬದಿಗೆ ಚುಚ್ಚಿದೆ, ಅಷ್ಟೆ. ಶಂಖಪುಷ್ಪ ಸೊರಗಿದ ಜುಲೈಯಲ್ಲೇ ಇದಕ್ಕೆ ಹುಮ್ಮಸ್ಸು. ಬೆಳಿಗ್ಗೆ ಏಳಕ್ಕೆ ಬಗ್ಗಿ ನೋಡಿದೆ: ದೊನ್ನೆಯಂತೆ ಮಡಿಸಿದ ಎಲೆಯೊಳಗಿಂದ ಎರಡು ದೊಡ್ಡ ದಳ, ಕೆಳಗೆ ಒಂದು ಸಣ್ಣದು, ಬಟ್ಟೆಗೆ ಹಾಕುವ ನೀಲಿಯದೇ ಬಣ್ಣ. ದೊನ್ನೆ ಹಿಸುಕಿದರೆ ಲೋಳೆ. ಮಕರಂದವಿಲ್ಲದಿದ್ದರೂ ಪರಾಗಕ್ಕೆ ಜೇನು ಬರುತ್ತದೆ. ಮಧ್ಯಾಹ್ನಕ್ಕೆ ಹೂ ಕರಗಿ ನೀರು. ಒಮ್ಮೆ ಬುಡ ಸಮೇತ ಕಿತ್ತಾಗ ಬೇರಿನ ನಡುವೆ ಬಿಳಿ ಕುಡಿಗಳು, ಅವುಗಳಲ್ಲಿ ಪುಟ್ಟ ಕಾಯಿ! ಬೆಳಕು ಕಾಣದೆ, ಅರಳದೆ, ನೆಲದೊಳಗೇ ಬೀಜ ಕಟ್ಟುವ ಹೂಗಳಂತೆ ಅವು. ತೋಟದವರು ಇದನ್ನು ಯಾಕೆ ಶಪಿಸುತ್ತಾರೆಂದು ಆಗ ತಿಳಿಯಿತು. ಎಳೆಯ ಕುಡಿಯನ್ನು ಬೇಳೆಯ ಜೊತೆ ಬೇಯಿಸಿ ತಿಂದೆವು, ಪರವಾಗಿಲ್ಲ.

ನನ್ನ ಮಟ್ಟಿಗೆ ಬೇಲಿಗೆ ಶಂಖಪುಷ್ಪ, ಮಳೆಗಾಲಕ್ಕೆ ಕನ್ನೆ. ವಿಷ್ಣುಕ್ರಾಂತಿಯ ಕುಂಡವನ್ನು ಅತ್ತಿಗೆಗೆ ಕೊಟ್ಟೆ, ಅವರ ಕೈಯಲ್ಲಿ ಅದು ಚೆನ್ನಾಗಿದೆ. ಕನ್ನೆಗೆ ಮಾತ್ರ ಒಂದು ಷರತ್ತು: ಸುತ್ತ ಕಲ್ಲು ಕಟ್ಟಬೇಕು, ಕಾಫಿ ಗಿಡದ ಹತ್ತಿರ ಬಿಡಬಾರದು.

ಹೋದ ವಾರ ಕಳೆ ಯಂತ್ರ ಹಿಡಿದು ಬಂದ ಹುಡುಗನಿಗೆ ಬಚ್ಚಲ ಬದಿಯದನ್ನು ಬಿಡು ಎಂದೆ. ‘ಇದನ್ನಾ ಸಾರ್?’ ಎಂದು ನಕ್ಕ, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಸವರಿ ಹಾಕಿದ್ದ. ಇವತ್ತು ಬೆಳಿಗ್ಗೆ ತುಂಡಾದ ಗೆಣ್ಣುಗಳಲ್ಲಿ ಬೇರು ಬಿಟ್ಟಿತ್ತು.