ಫ್ರಾಂಕ್‌ಫರ್ಟ್-ಹಾನ್: ಮೊದಲು ಮ್ಯಾಪ್ ನೋಡಿ, ಆಮೇಲೆ ಟಿಕೆಟ್ ತಗೊಳ್ಳಿ

ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಇದೆ ಅಂತ ಇದನ್ನು ಆ ಊರಿನ ಏರ್‌ಪೋರ್ಟ್ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್ ದೂರ. ಲಕ್ಸೆಂಬರ್ಗ್‌ಗೂ ಇಲ್ಲಿಂದ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ! ಇದು ಇರುವುದು ಜರ್ಮನಿಯ ಹುನ್ಸ್‌ರುಕ್ ಅನ್ನುವ ಗುಡ್ಡಗಾಡಿನಲ್ಲಿ, 500 ಮೀಟರ್ ಎತ್ತರದಲ್ಲಿ. ಸುತ್ತ ಹೊಲ, ಕಾಡು, ಸಣ್ಣ ಸಣ್ಣ ಹಳ್ಳಿ. ಇಷ್ಟು ಗೊತ್ತಿದ್ದು ಹೋದರೆ ಬೇಜಾರಾಗುವುದಿಲ್ಲ. ನನಗಂತೂ ತುಂಬಾ ಇಷ್ಟವಾಯಿತು.

ಒಳಗೆ ಎಲ್ಲ ಸಲೀಸು. ವಿಮಾನದ ಮೆಟ್ಟಿಲು ಇಳಿದು ನಡೆದುಕೊಂಡೇ ಟರ್ಮಿನಲ್‌ಗೆ ಬಂದೆ, ಕೈಯಲ್ಲಿ ಒಂದೇ ಬ್ಯಾಗ್ ಇತ್ತು, ಕಾಲು ಗಂಟೆ ಆಗುವ ಮುಂಚೆ ಹೊರಗೆ ನಿಂತಿದ್ದೆ. ವಾಪಸ್ ಹೋಗುವಾಗ ಸೆಕ್ಯೂರಿಟಿ ಚೆಕ್ಕಿನಲ್ಲಿ ನನ್ನ ಮುಂದೆ ಇದ್ದವರು ಆರೇಳು ಜನ. ವಯಸ್ಸಾದವರನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ನೆಮ್ಮದಿ ಅಲ್ವಾ? ತಿಂಡಿಗೆ ಆಯ್ಕೆ ಕಡಿಮೆ, ಏನಾದರೂ ಕಟ್ಟಿಕೊಂಡು ಹೋಗಿ.

ತೊಂದರೆ ಇರುವುದು ಹೊರಗೆ ಬಂದ ಮೇಲೆ. ರೈಲು ಇಲ್ಲ, ಸ್ವಂತ ಗಾಡಿ ಇಲ್ಲದವರಿಗೆ ಬಸ್ಸೇ ಗತಿ. ಫ್ರಾಂಕ್‌ಫರ್ಟ್‌ನ ಮುಖ್ಯ ರೈಲು ನಿಲ್ದಾಣಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಇಟ್ಟುಕೊಳ್ಳಿ. ನಾನು ಬಂದ ದಿನ ಮಂಜು ಕವಿದು ವಿಮಾನ ತಡವಾಯಿತು, ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ಎರಡು ಗಂಟೆಗೂ ಜಾಸ್ತಿ ಕಾಯಬೇಕಿತ್ತು. ಅಗ್ಗದ ಟಿಕೆಟ್ಟಿನಲ್ಲಿ ಉಳಿದ ದುಡ್ಡು ಹೀಗೆ ಹೋಗಿಬಿಡುತ್ತದೆ, ಬಸ್ಸಿನ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ.

ಇಷ್ಟು ದೂರ ಯಾಕೆ ಕಟ್ಟಿದರು ಅನ್ನುವುದಕ್ಕೆ ಉತ್ತರ ಆ ಎರಡು ಗಂಟೆಯಲ್ಲೇ ಸಿಕ್ಕಿತು. ಸುಮ್ನೆ ಕೂರುವುದು ಬೇಡ ಅಂತ ರಸ್ತೆ ಹಿಡಿದು ನಡೆದೆ. ಬೇಲಿಯಾಚೆ ಕಮಾನಿನ ಹಾಗೆ ಬಾಗಿದ ಕಾಂಕ್ರೀಟ್ ಗೂಡುಗಳು. ಮಳೆ ಬಿದ್ದು ಬಿದ್ದು ಗೋಡೆ ಕಪ್ಪಾಗಿದೆ, ಬುಡದಲ್ಲಿ ಪಾಚಿ, ಬಿರುಕಿನಲ್ಲಿ ಹುಲ್ಲು. ಒಂದೊಂದರಲ್ಲಿ ಒಂದು ಯುದ್ಧವಿಮಾನ ನಿಲ್ಲುವಷ್ಟು ಜಾಗ. ಪಕ್ಕದಲ್ಲೇ ಬಾಂಬ್ ಬಿದ್ದರೂ ಒಳಗಿನ ವಿಮಾನ ಉಳಿಯಲಿ ಅಂತ ಕಟ್ಟಿದ್ದು. 1950ರ ದಶಕದಿಂದ 1993ರವರೆಗೆ ಇದು ಅಮೆರಿಕದ ವಾಯುನೆಲೆ, 80ರ ದಶಕದಲ್ಲಿ ಇಲ್ಲಿ ಎಫ್-16 ಯುದ್ಧವಿಮಾನಗಳು ಇದ್ದವು. ಸೋವಿಯತ್ ಕಡೆಯಿಂದ ದಾಳಿಯಾದರೆ ಬೇಗ ಕೈಗೆ ಸಿಗಬಾರದು ಅಂತ ಇಂಥ ನೆಲೆಗಳನ್ನು ರೈನ್ ನದಿಯ ಪಶ್ಚಿಮಕ್ಕೆ ಇಟ್ಟಿದ್ದರು. ಹತ್ತಿರದ ಹಾಸೆಲ್‌ಬಾಖ್ ಹಳ್ಳಿಯಲ್ಲಿ ಅಮೆರಿಕದ ಕ್ರೂಸ್ ಕ್ಷಿಪಣಿ ಇಡುವುದು ಬೇಡ ಅಂತ 1986ರ ಅಕ್ಟೋಬರ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರಂತೆ.  ನನಗೆ ಆ ಗೂಡುಗಳ ಹತ್ತಿರದಿಂದ ಕದಲಲು ಮನಸ್ಸೇ ಬರಲಿಲ್ಲ.

ಅಮೆರಿಕನ್ನರು ಹೋದ ಮೇಲೆ ಈ ಭಾಗದ ಜನರ ಕೆಲಸವೂ ಹೋಯಿತು, ಅದಕ್ಕೇ ಏರ್‌ಪೋರ್ಟ್ ಮಾಡಿದರು. 1999ರಲ್ಲಿ ರಯಾನ್‌ಏರ್ ಅನ್ನುವ ಅಗ್ಗದ ಟಿಕೆಟ್ಟಿನ ವಿಮಾನ ಕಂಪನಿ ಬಂತು. 2007ರ ಹೊತ್ತಿಗೆ ವರ್ಷಕ್ಕೆ 40 ಲಕ್ಷ ಪ್ರಯಾಣಿಕರು! ಆಮೇಲೆ ಪ್ರಯಾಣಿಕರ ಸಂಖ್ಯೆ ಇಳಿಯುತ್ತಾ ಹೋಗಿ 2021ರಲ್ಲಿ ಏರ್‌ಪೋರ್ಟ್ ದಿವಾಳಿಯಾಯಿತು, 2023ರಲ್ಲಿ ಟ್ರಿವೋ ಅನ್ನುವ ಜರ್ಮನ್ ಕಂಪನಿ ಕೊಂಡುಕೊಂಡಿತು. 3,800 ಮೀಟರ್ ರನ್‌ವೇ ಇದೆ, ರಾತ್ರಿಯೂ ವಿಮಾನ ಇಳಿಯಲು ಅನುಮತಿ ಇದೆ, ಹಾಗಾಗಿ ಸರಕು ವಿಮಾನಗಳೂ ಬರುತ್ತವೆ. ಅಮೆರಿಕನ್ನರು ಬಿಟ್ಟುಹೋದ ಜಾಗದಲ್ಲಿ ಈಗ ಪೊಲೀಸ್ ಕಾಲೇಜು ಇದೆ. ಇದು ಮುಚ್ಚದೆ ಉಳಿದಿದೆ ಅನ್ನುವುದೇ ನನಗೆ ಖುಷಿ.

ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಇರುವವರು, ಅದರಲ್ಲೂ ರಾತ್ರಿ ಬಂದು ಇಳಿಯುವವರು, ಬೇರೆ ದಾರಿ ನೋಡಿ. ಮೋಸೆಲ್ ನದಿ ಕಡೆ ಹೋಗುವವರು ಕಣ್ಣುಮುಚ್ಚಿ ಇಲ್ಲಿಗೇ ಬನ್ನಿ. ಕಾರು ಬಾಡಿಗೆಗೆ ತಗೊಂಡರೆ ನದಿ ದಡದ ಟ್ರಾಬೆನ್-ಟ್ರಾರ್ಬಾಖ್ ಊರು ಅರ್ಧ ಗಂಟೆ ದಾರಿ, ಇಳಿಜಾರಿನ ತುಂಬಾ ದ್ರಾಕ್ಷಿ ತೋಟ. ಚಳಿಗಾಲವಾದರೆ ಮಂಜು ಇರುತ್ತದೆ, ನಿಧಾನವಾಗಿ ಓಡಿಸಿ.