ಬಾಡಿಗೆ ಫೋನಿನಲ್ಲಿ ಬೆಟ್ಟೆ ಹುಡುಕಿದ ಕಥೆ: ಕ್ಲೌಡ್ ಡಿವೈಸ್ ಸೇವೆ, 14 ತಿಂಗಳ ಬಳಕೆಯ ನಂತರ

ಶಿರಸಿಯಲ್ಲಿ ಕೂತು ಅಡಿಕೆ ದರ ತೋರಿಸುವ ಒಂದು ಪುಟ್ಟ ಆ್ಯಪ್ ನಡೆಸುತ್ತೇನೆ. ಅದಕ್ಕೊಂದು ವೆಬ್‌ಸೈಟೂ ಇದೆ. ಮಾಡುವವನು ನಾನೊಬ್ಬನೇ. ಮನೆಯಲ್ಲಿರುವುದು ಎರಡು ಫೋನ್, ನನ್ನದೊಂದು, ಅಮ್ಮನದೊಂದು. ಅಮ್ಮನ ಫೋನನ್ನು ಮಧ್ಯಾಹ್ನ ಅವಳು ಮಲಗಿದಾಗ ಮಾತ್ರ ಮುಟ್ಟಬಹುದು.

ಹೋದ ವರ್ಷ ಒಂದು ಬೆಳಿಗ್ಗೆ ಪರಿಚಯದ ಮಾವ ಒಬ್ಬರು ಫೋನ್ ಮಾಡಿದರು. "ತಮಾ, ಬೆಟೆ ಅಂದ್ರೆ ಎಂತದೋ? ಹೊಸ ಜಾತಿ ಅಡಿಕೆಯಾ?" ನನಗೆ ತಲೆಬುಡ ಗೊತ್ತಾಗಲಿಲ್ಲ. ಸ್ಕ್ರೀನ್‌ಶಾಟ್ ಕಳಿಸಿದರು. ಪಟ್ಟಿಯಲ್ಲಿ ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆಗಳು. ರಾಶಿ, ಚಾಲಿ ಸರಿಯಾಗೇ ಇದ್ದವು. ಬೆಟ್ಟೆಯ ಒತ್ತು ಮಾತ್ರ ಸಾಲಿನ ಕೆಳಗಿನ ಗೆರೆಗೆ ಸಿಕ್ಕಿ ಕತ್ತರಿಸಿಹೋಗಿತ್ತು. ನನ್ನ ಫೋನಿನಲ್ಲಿ ನೋಡಿದೆ, ಸರಿ ಇದೆ. ಅಮ್ಮನದರಲ್ಲೂ ಸರಿ. ಕಂಪ್ಯೂಟರಿನಲ್ಲೇ ಫೋನಿನ ಥರ ಓಡುವ ಎಮ್ಯುಲೇಟರ್‌ನಲ್ಲೂ ಸರಿ. ಮಾವನದು ಆಂಡ್ರಾಯ್ಡ್ 8ರ ಹಳೇ ಫೋನು, ಮೇಲಿಂದ ಅಕ್ಷರ ಬೇರೆ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಒಂದು ಒತ್ತಕ್ಷರಕ್ಕಾಗಿ ಅವರ ತೋಟದ ತನಕ ಬೈಕ್ ಓಡಿಸುವುದಾ?

ಅವತ್ತು ಸಂಜೆಯೇ ಒಂದು ಕ್ಲೌಡ್ ಡಿವೈಸ್ ಸೇವೆಗೆ ದುಡ್ಡು ಕಟ್ಟಿದೆ. ಬೈಯುವುದೂ ಇರುವುದರಿಂದ ಹೆಸರು ಬರೆಯುವುದಿಲ್ಲ. ಸೇವೆ ಇಷ್ಟೇ: ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿ ನಿಜವಾದ ಫೋನ್‌ಗಳನ್ನು ಸಾಲಾಗಿ ಚಾರ್ಜಿಗೆ ಹಾಕಿಟ್ಟಿರುತ್ತಾರೆ. ನೀವು ಬ್ರೌಸರ್‌ನಲ್ಲಿ ಮಾಡೆಲ್ ಆರಿಸಿದರೆ ಆ ಫೋನಿನ ಪರದೆ ವಿಡಿಯೋ ಥರ ನಿಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ಇಲ್ಲಿ ಮೌಸ್ ಒತ್ತಿದರೆ ಅಲ್ಲಿ ಬೆರಳು ಒತ್ತಿದ ಹಾಗೆ.

ಮಾವನ ಮಾಡೆಲ್ಲೇ ಪಟ್ಟಿಯಲ್ಲಿ ಸಿಕ್ಕಿತು. ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಹಾಕಿ, ಅಕ್ಷರ ದೊಡ್ಡದು ಮಾಡಿ, ಆ್ಯಪ್ ತೆರೆದೆ. ಬೆಟೆ! ಬಗ್ ಕಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಆಂಡ್ರಾಯ್ಡ್ 9 ಬರುವ ತನಕ ಸಾಲಿನ ಎತ್ತರವನ್ನು ಮುಖ್ಯ ಫಾಂಟ್ ನೋಡಿಯೇ ಲೆಕ್ಕ ಹಾಕುತ್ತಿತ್ತು. ಕನ್ನಡ ಬರುವುದು ಬೇರೆ ಫಾಂಟಿನಿಂದ. ಅದರ ಒತ್ತು ಎಷ್ಟು ಕೆಳಗೆ ಇಳಿಯುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ನಾನು ಮಹಾಶಯ ಸಾಲಿನ ಎತ್ತರಕ್ಕೆ ಬದಲಾಗದ ಅಳತೆ ಕಟ್ಟಿ ಬೇರೆ ಕೂರಿಸಿದ್ದೆ. ಆ ಅಳತೆ ತೆಗೆದು, ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಒಳಗೇ ಸೇರಿಸಿದೆ. ಆ್ಯಪ್ ಸ್ವಲ್ಪ ದಪ್ಪ ಆಯಿತು, ಬೆಟ್ಟೆಗೆ ಒತ್ತು ವಾಪಸ್ ಬಂತು. ಎಮ್ಯುಲೇಟರ್‌ಗೇ ಆಂಡ್ರಾಯ್ಡ್ 8 ಹಾಕಿ ನೋಡಬಹುದಿತ್ತಲ್ವಾ ಅಂತ ಕೇಳಬಹುದು. ನೋಡಬಹುದಿತ್ತು. ಆದರೆ ಫೋನ್ ಕಂಪನಿಗಳು ತಮ್ಮದೇ ಫಾಂಟು, ತಮ್ಮದೇ ಸೆಟ್ಟಿಂಗ್ ತುಂಬಿರುತ್ತವೆ. ಎಮ್ಯುಲೇಟರ್‌ನಲ್ಲಿ ಅದು ಬರುವುದಿಲ್ಲ.

ಎರಡನೇ ಲಾಭ ಐಫೋನ್. ನನ್ನ ಹತ್ತಿರ ಐಫೋನೂ ಇಲ್ಲ, ಮ್ಯಾಕೂ ಇಲ್ಲ. ಮ್ಯಾಕ್ ಇಲ್ಲದೆ ಐಫೋನಿನ ನಕಲು ತೋರಿಸುವ ಐಒಎಸ್ ಸಿಮ್ಯುಲೇಟರ್ ಓಡುವುದಿಲ್ಲ. ಕ್ರೋಮ್ ಬ್ರೌಸರ್‌ನಲ್ಲಿ ಸೈಟ್ ಪರೀಕ್ಷಿಸಲು ಇರುವ ಡೆವ್‌ಟೂಲ್ಸ್‌ನಲ್ಲಿ ಐಫೋನ್ ಅಂತ ಆರಿಸಿದರೆ ಬರೀ ಅಳತೆ ಕುಗ್ಗುತ್ತದೆ, ಒಳಗಿರುವುದು ಕ್ರೋಮೇ. ಬಾಡಿಗೆ ಐಫೋನಿನ ಸಫಾರಿಯಲ್ಲಿ ನನ್ನ ಸೈಟ್ ತೆರೆದಾಗ "ದರ ನೋಡಿ" ಬಟನ್ನೇ ಕಾಣಲಿಲ್ಲ. ಕೆಳಗಿನ ಅಡ್ರೆಸ್ ಪಟ್ಟಿಯ ಹಿಂದೆ ಅಡಗಿ ಕೂತಿತ್ತು. ಪುಟದ ಎತ್ತರಕ್ಕೆ 100ವಿಎಚ್ ಕೊಟ್ಟ ತಪ್ಪು, ಅದು ಅಡ್ರೆಸ್ ಪಟ್ಟಿಯ ಜಾಗವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. 2022ರ ಸಫಾರಿ 15.4ರಿಂದ, ಆ ಹೊತ್ತಿಗೆ ಕಾಣುವಷ್ಟೇ ಎತ್ತರ ಹಿಡಿಯುವ ಡಿವಿಎಚ್ ಅಳತೆ ಇದೆ, ಅದನ್ನು ಹಾಕಿದೆ, ಬಟನ್ ಮೇಲೆ ಬಂತು. ಹಾಗೇ ಟೈಪ್ ಮಾಡುವ ಜಾಗದಲ್ಲಿ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಐಫೋನ್ ತಾನೇ ಜೂಮ್ ಮಾಡುತ್ತದೆ. ಇದೂ ಅಲ್ಲೇ ಗೊತ್ತಾಗಿದ್ದು.

ಇನ್ನು ಕಿರಿಕಿರಿ. ಮುಟ್ಟಿದ ಮೇಲೆ ಪರದೆ ಬದಲಾಗಲು ತಡ. ಸ್ಕ್ರೋಲ್ ನುಣುಪಾಗಿದೆಯೋ ಇಲ್ಲವೋ ಅಂತ ಇದರಲ್ಲಿ ಹೇಳಲೇ ಆಗದು. ಹೊಸ ಮಾಡೆಲ್‌ಗಳಿಗೆ ಸಂಜೆ ಹೊತ್ತು ಸರತಿ. ಚಹಾ ಕುಡಿದು ಬರುವಷ್ಟರಲ್ಲಿ ಸೆಷನ್ ಕಟ್, ಫೋನ್ ಪೂರ್ತಿ ಖಾಲಿ. ಬೇರೆಯವರ ಗುಟ್ಟು ಉಳಿಯಬಾರದಲ್ಲ, ಖಾಲಿ ಮಾಡುವುದು ಸರಿಯೇ. ಆದರೆ ಪ್ರತಿ ಸಲ ಎಪಿಕೆ ಹಾಕು, ಲಾಗಿನ್ ಆಗು, ಅಕ್ಷರ ದೊಡ್ಡದು ಮಾಡು. ತಲೆ ಕೆಡುತ್ತದೆ. ಸಿಟ್ಟು ಬಂದದ್ದು ಬಿಲ್ಲಿಗೆ. ತಿಂಗಳಿಗೆ ಸುಮಾರು 3,300 ರೂಪಾಯಿ, ಅದೂ ಡಾಲರ್ ಲೆಕ್ಕದಲ್ಲಿ. ಬೇಡ ಅಂತ ನಿಲ್ಲಿಸಿದ ಮೇಲೂ ಒಂದು ತಿಂಗಳು ಎಳೆದುಕೊಂಡರು. ವಾಪಸ್ ಬರಲು ಏಳು ಇಮೇಲ್ ಬೇಕಾಯಿತು.

ಇದರಿಂದ ಆಗದೇ ಇರುವ ಕೆಲಸಗಳೂ ಇವೆ. ಆ ಫೋನಿನಲ್ಲಿ ನಿಮ್ಮ ಸಿಮ್ ಇಲ್ಲ. ಹಾಗಾಗಿ ಓಟಿಪಿ ತಾನಾಗೇ ತುಂಬಿಕೊಳ್ಳುವುದನ್ನು ನೋಡಲು ಆಗದು. ಯುಪಿಐ ಅಂತೂ ಕೇಳಲೇಬೇಡಿ. ಖಾತೆ ಜೋಡಿಸಲು ಅದೇ ಫೋನಿನ ಸಿಮ್‌ನಿಂದ ಎಸ್ಎಂಎಸ್ ಹೋಗಬೇಕು. ಚಂದಾ ಕಟ್ಟುವ ಪುಟವನ್ನು ಕೊನೆಗೂ ಅಮ್ಮನ ಫೋನಿನಲ್ಲೇ ನೋಡಿದೆ, ಮಧ್ಯಾಹ್ನ.

ಸೇವೆಯಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡುವ ಬಟನ್ ಇದೆ. ಅದರಲ್ಲಿ ಆ್ಯಪ್ ಪಾಸ್. ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ, ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಬಂದು ಹೋಗಿ ಬಂದು ಹೋಗಿ ಮಾಡುವಾಗ ಅದೇ ಆ್ಯಪ್ ನಿನ್ನೆಯ ದರವನ್ನು ಇವತ್ತಿನ ತಾರೀಖು ಹಾಕಿ ತೋರಿಸುತ್ತಿತ್ತು. ಬೆಟೆಗಿಂತ ಇದು ದೊಡ್ಡ ಅನಾಹುತ.

ಈಗ ವರ್ಷಪೂರ್ತಿ ಕಟ್ಟುವುದಿಲ್ಲ. ದೊಡ್ಡ ಬದಲಾವಣೆ ಇದ್ದಾಗ ಒಂದು ತಿಂಗಳು ತೆಗೆದುಕೊಳ್ಳುತ್ತೇನೆ, ನಿಲ್ಲಿಸಿದ್ದಕ್ಕೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ. ಉಳಿದ ದಿನಗಳಿಗೆ ಆ್ಯಪ್ ಪರೀಕ್ಷಿಸುವ ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್ ಸಾಕು. ಅದರ ರೋಬೋ ತಾನೇ ಆ್ಯಪ್ ಒಳಗೆ ಓಡಾಡಿ, ಎಲ್ಲಿ ಕ್ರ್ಯಾಶ್ ಆಯಿತು ಅಂತ ವಿಡಿಯೋ ಸಮೇತ ಕೊಡುತ್ತದೆ. ಒತ್ತು ಕತ್ತರಿಸಿದ್ದು ಅದಕ್ಕೆ ತಿಳಿಯುವುದಿಲ್ಲ, ಚಿತ್ರ ನೋಡಿ ನಾವೇ ಹುಡುಕಬೇಕು.

ಮಾವ ಮೊನ್ನೆ ಹೊಸ ಫೋನ್ ತಗೊಂಡರು. ಹಳೇದನ್ನು 800 ರೂಪಾಯಿಗೆ ನಾನೇ ಕೊಂಡುಕೊಂಡೆ. ಅಕ್ಷರ ದೊಡ್ಡದೇ ಇದೆ, ಸಣ್ಣ ಮಾಡಿಲ್ಲ.