ಮೀನಿಗೆ ಬಿಸಲೆ, ಬಸ್ಸಾರಿಗೆ ಮಡಕೆ: ಅದಲು ಬದಲು ಮಾಡಿ ನೋಡಿದೆ

ಪುತ್ತೂರಿನ ಕಡೆ ಸಂತೆಯಲ್ಲಿ 'ಎರಡು ಲೀಟರಿನ ಮಣ್ಣಿನ ಪಾತ್ರೆ ಕೊಡಿ' ಅಂದೆ. ಮಾರುತ್ತಿದ್ದ ಅಮ್ಮ ಲೀಟರಿನ ಮಾತೇ ಎತ್ತಲಿಲ್ಲ. 'ಎಂತ ಬೇಯಿಸ್ಲಿಕ್ಕೆ?' ಅಂತ ಕೇಳಿದರು. ಮೀನಿಗಾದರೆ ಬಿಸಲೆ (ಅಗಲ ಬಾಯಿಯ, ಆಳ ಕಮ್ಮಿ ಇರೋ ಮಣ್ಣಿನ ಪಾತ್ರೆ), ಗಂಜಿಗಾದರೆ ಅಳಗೆ, ದೋಸೆಗಾದರೆ ಓಡು. ಕುಂಬಾರರ ಲೆಕ್ಕ ಇದು: ಬಾಯಿ ಎಷ್ಟು ಅಗಲ, ಹೊಟ್ಟೆ ಎಷ್ಟು ಆಳ, ಒಳಗೆ ಬೇಯೋದೇನು.

ನಾನು ಹಾಸನದ ಕಡೆಯವಳು. ಮನೆಯಲ್ಲಿ ಅವ್ವನ ಸಾರಿನ ಮಡಕೆ ಇತ್ತು, ಕುತ್ತಿಗೆ ಕಿರಿದು, ಹೊಟ್ಟೆ ದುಂಡು. ಹಾಗಾಗಿ ಒಂದು ಬಿಸಲೆ ತಂದು, ಎರಡನ್ನೂ ಪರೀಕ್ಷೆ ಮಾಡಿದೆ.

ಮೊದಲು ಬಂಗುಡೆ ಸಾರು ಮಡಕೆಯಲ್ಲಿ. ತುಂಡುಗಳು ಒಂದರ ಮೇಲೊಂದು ಬಿದ್ದವು, ಸೌಟು ಹಾಕಿದ ಕೂಡಲೇ ಅಡಿಯವು ಮುರಿದವು. ಬಿಸಲೆಯಲ್ಲಿ ಮೀನು ಒಂದೇ ಸಾಲಲ್ಲಿ ಮಲಗುತ್ತೆ. ಸೌಟೇ ಬೇಡ, ಎರಡೂ ಕಡೆ ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಮಸಾಲೆ ಎಲ್ಲಾ ಕಡೆ ಹರಡುತ್ತೆ. ಆದರೆ ಉರಿ ಆರಿಸಿದ ಮೇಲೂ ಸಾರು ಸುಮಾರು ಹೊತ್ತು ಕೊತಕೊತ ಕುದೀತಾನೇ ಇರುತ್ತೆ, ಅದಕ್ಕೆ ಮೀನು ಪೂರ್ತಿ ಬೇಯೋ ಮುಂಚೆಯೇ ಒಲೆ ಆರಿಸಬೇಕು.

ಬಸ್ಸಾರು ಬಿಸಲೆಯಲ್ಲಿ ಕೆಟ್ಟಿತು. ಅಗಲ ಬಾಯಿ ಅಲ್ವಾ, ಕಟ್ಟು (ಕಾಳು, ಸೊಪ್ಪು ಬೇಯಿಸಿ ಬಸಿದ ನೀರು) ಬೇಗ ಬತ್ತಿತು, ಎರಡು ಸಲ ಬಿಸಿನೀರು ಹಾಕಿದೆ, ರುಚಿ ಹೋಯಿತು. ಮಡಕೆಯಲ್ಲಿ ಹಬೆ ಕುತ್ತಿಗೆಗೆ ತಾಗಿ ವಾಪಸ್ ಒಳಗೇ ಇಳಿಯುತ್ತೆ, ಸಾರು ಅಷ್ಟಾಗಿ ಕಮ್ಮಿ ಆಗಲ್ಲ. ಮುದ್ದೆ ಅದ್ದಿ ತಿನ್ನೋಕೆ ಇದೇ ಸರಿ.

ಗ್ಯಾಸ್ ಮೇಲೆ ಕೂರಲಿ ಅಂತ ಪೇಟೆಯಲ್ಲಿ ಚಪ್ಪಟೆ ತಳದ್ದೂ ಒಂದು ತಂದಿದ್ದೆ. ಮೂರನೇ ವಾರಕ್ಕೆ ಬಿರುಕು, ಅದೂ ತಳ ಮತ್ತು ಗೋಡೆ ಸೇರೋ ಮೂಲೆಯಲ್ಲೇ. ದುಂಡು ತಳಕ್ಕೆ ಆ ಮೂಲೆಯೇ ಇಲ್ಲ, ಬಿಸಿ ಸಮನಾಗಿ ಹರಡುತ್ತೆ. ಅಲುಗಾಡಿದರೆ ಒಲೆ ಮೇಲೊಂದು ಕಬ್ಬಿಣದ ಬಳೆ ಇಡಿ, ಸಾಕು. ಇಂಡಕ್ಷನ್‌ನಲ್ಲಂತೂ ಬರೀ ಮಣ್ಣಿನ ಪಾತ್ರೆ ಬಿಸಿಯಾಗಲ್ಲ.

ಒಂದೇ ತಗೊಳ್ಳೋದಾದರೆ ಬಿಸಲೆ ತಗೊಳ್ಳಿ ಅಂತೀನಿ. ಪಲ್ಯ, ಗೊಜ್ಜು, ಹುಳಿ ಎಲ್ಲಕ್ಕೂ ಆಗುತ್ತೆ. ದಿನಾ ಸಾರು ಮುದ್ದೆ ಇರೋ ಮನೆಗೆ ಮಾತ್ರ ಮಡಕೆಯೇ ಮೊದಲು. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಚೆನ್ನಾಗಿ ಸುಟ್ಟಿದೆ, ಡೊಬ್ ಅಂದರೆ ಅಲ್ಲೇ ಬಿಟ್ಟುಬನ್ನಿ.